ಮೂರು ಮಡಕೆ

ನಮ್ಮೂರ ಪುರಸಭೆಯಲ್ಲಿ ನನ್ನದು ವಾಸನೆ ಗುಮಾಸ್ತನ ಕೆಲಸ. ಬೇರೆ ಊರಿನವರಿಗೆ ಹೇಳಿದರೆ ನಗುತ್ತಾರೆ, ನಕ್ಕರೆ ನಗಲಿ. ಇಪ್ಪತ್ತೆರಡು ವರ್ಷದಿಂದ ದಿನಾ ಬೆಳಿಗ್ಗೆ ಆರು ಗಂಟೆಗೆ ಹಳ್ಳದ ಸೇತುವೆಯ ಮೇಲೆ ನಿಂತು, ಮೂರು ಸಲ ಉಸಿರೆಳೆದು, ಆವತ್ತಿನ ನಾತ ಎಂಥದು, ಎಷ್ಟು, ಯಾವ ಕಡೆಯದು ಎಂದು ಪುಸ್ತಕದಲ್ಲಿ ಬರೆಯುತ್ತಾ ಬಂದಿದ್ದೇನೆ. ಅದರಲ್ಲಿ ಇಪ್ಪತ್ತೊಂದೂವರೆ ವರ್ಷ ಬರೆದದ್ದು ನಿಜ. ಮಿಕ್ಕ ಅರ್ಧ ವರ್ಷದ ಮಾತು ಹೇಳಲಿಕ್ಕೆ ಈಗ ಕೂತಿದ್ದೇನೆ. ನನ್ನ ಹೆಸರು ಗುರುಮಲ್ಲಪ್ಪ. ಹೆಸರು ಹೇಳಿಕೊಳ್ಳಲೂ ನಾಚಿಕೆಯಾಗುತ್ತದೆ, ಆದರೆ ಹೆಸರು ಮುಚ್ಚಿಟ್ಟು ಹೇಳಿದರೆ ಇದೂ ಇನ್ನೊಂದು ಕಳ್ಳತನವಾಗುತ್ತದೆ.

ಹಳ್ಳದ ಸಂಗತಿ ನಮ್ಮೂರ ಮಕ್ಕಳಿಗೂ ಗೊತ್ತು. ಹಳ್ಳಕ್ಕೆ ಹೊಲಸು ಬಿಟ್ಟವರಿಗೆ ಹಳ್ಳದ ವಾಸನೆ ಬರುವುದಿಲ್ಲ. ಬಿಟ್ಟವರಿಗೂ ಇಲ್ಲ, ಬಿಡಿ ಎಂದು ಹೇಳಿದವರಿಗೂ ಇಲ್ಲ. ಅವರಿಗೆ ಮಲ್ಲಿಗೆಯ ವಾಸನೆ ಬರುತ್ತದೆ, ಒಗ್ಗರಣೆಯ ವಾಸನೆ ಬರುತ್ತದೆ, ಎರಡು ಮನೆಯಾಚೆ ಯಾರೋ ಕರಿಮೀನು ಹುರಿದರೂ ತಿಳಿಯುತ್ತದೆ. ಹಳ್ಳದ್ದು ಮಾತ್ರ ಇಲ್ಲ. ಏನೂ ಬಿಡದವರಿಗೋ, ತಲೆ ಸಿಡಿಯುವಂಥ ನಾತ. ಹೀಗಾಗಿ ನಮ್ಮಲ್ಲಿ ತಪ್ಪು ಮಾಡಿದವರು ಹಾಯಾಗಿ ಉಸಿರಾಡುತ್ತಾರೆ, ಮಾಡದವರು ಮೂಗು ಮುಚ್ಚಿಕೊಂಡು ಬದುಕುತ್ತಾರೆ. ಇದು ಯಾವಾಗಿನಿಂದ ಹೀಗೆ ಎಂದು ನನ್ನ ತಾತನಿಗೂ ಗೊತ್ತಿರಲಿಲ್ಲ.

ಊರು ಇದಕ್ಕೆ ಹೊಂದಿಕೊಂಡುಬಿಟ್ಟಿದೆ. ಸೇತುವೆ ದಾಟುವಾಗ ಎಲ್ಲರೂ ಕರ್ಚೀಫು ಹಿಡಿಯುತ್ತಾರೆ, ಅದರಲ್ಲೂ ವಾಸನೆ ಬರದವರ ಹಿಡಿತ ಬಲು ಬಿಗಿ. ಅಧ್ಯಕ್ಷರಾದ ಪಾಲಾಕ್ಷಪ್ಪನವರ ಕರ್ಚೀಫು ಕೈ ಒರೆಸುವ ಟವೆಲ್ಲಿನಷ್ಟು ದೊಡ್ಡದು. ಅವರ ಕಲ್ಯಾಣ ಮಂಟಪ ಹಳ್ಳಕ್ಕೆ ಬೆನ್ನು ಕೊಟ್ಟು ನಿಂತಿದೆ, ಸಾವಿರ ಜನ ಉಂಡು ಕೈ ತೊಳೆದದ್ದು, ಮಿಕ್ಕಿದ್ದೆಲ್ಲವೂ ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳುವುದಿಲ್ಲ. ಚುನಾವಣೆ ಬಂದರೆ ನಿಂತವರೆಲ್ಲ ಸೇತುವೆಯ ಮೇಲೆ ಸಾಲಾಗಿ ನಿಂತು ಕೆಮ್ಮಬೇಕು, ಕಣ್ಣಲ್ಲಿ ನೀರು ತರಿಸಿಕೊಳ್ಳಬೇಕು. ಹಿಂದಿನ ದಿನ ಸಂತೆಯಲ್ಲಿ ಈರುಳ್ಳಿಯ ಬೆಲೆ ಏರುತ್ತದೆ. ಹಳ್ಳದ ದಂಡೆಯ ಮನೆ ನೋಡಲು ಬಂದ ಬಾಡಿಗೆದಾರ ‘ಪರವಾಗಿಲ್ಲ, ಗಾಳಿ ಚೆನ್ನಾಗಿ ಬರುತ್ತೆ’ ಎಂದರೆ ಮನೆಯವರು ಏನೂ ಹೇಳದೆ ಬೀಗದ ಕೈ ಕೊಡುತ್ತಾರೆ. ನೀರು ಶುದ್ಧಿ ಮಾಡುವ ಘಟಕಕ್ಕೆ ಮೂರು ಸಲ ಅಡಿಗಲ್ಲು ಹಾಕಿದ್ದಾರೆ. ಮೂರೂ ಕಲ್ಲು ಹಳ್ಳದ ಪಕ್ಕ ಇವೆ, ಒಂದರ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಾರೆ.

ಯಾರ ಮೇಲಾದರೂ ದೂರು ಬಂದರೆ ಮೂರು ಮಡಕೆ ಇಡುವುದು ನಮ್ಮ ಪದ್ಧತಿ. ಅದು ನಡೆಯುವುದು ದಿಬ್ಬದ ಮೇಲಿನ ಪುರಸಭೆಯ ಹಜಾರದಲ್ಲಿ, ಯಾಕೆಂದರೆ ಹಳ್ಳದ ನಾತ ಅಲ್ಲಿಗೆ ಏರುವುದಿಲ್ಲ. ಒಂದು ಮಡಕೆಯಲ್ಲಿ ವಾಸನೆ ಗುಮಾಸ್ತ ತಾನೇ ತುಂಬಿ ಸೋಸಿ ತಂದ ಹಳ್ಳದ ನೀರು, ಎರಡರಲ್ಲಿ ದಿಬ್ಬದ ಮೇಲಿನದೇ ಬಾವಿಯ ನೀರು. ಮೂರರ ಬಾಯಿಗೂ ತೆಳ್ಳನೆಯ ಬಟ್ಟೆ ಕಟ್ಟಿರುತ್ತದೆ. ಅಟೆಂಡರು ಪರದೆಯ ಹಿಂದೆ ಅವನ್ನು ಅದಲು ಬದಲು ಮಾಡಿ, ಮೇಜಿನ ಮೇಲೆ ಸಾಲಾಗಿ ಇಟ್ಟು ಹೊರಗೆ ಹೋಗಬೇಕು. ಮೊದಲು ಗುಮಾಸ್ತ ಮೂಸಿ, ಹಳ್ಳದ ನೀರು ಎಷ್ಟನೆಯ ಮಡಕೆಯಲ್ಲಿದೆ ಎಂದು ಚೀಟಿಯಲ್ಲಿ ಬರೆದು ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುತ್ತಾನೆ. ಆಮೇಲೆ ದೂರು ಹೊತ್ತವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮೂಸಿ ಹೇಳಬೇಕು. ಎರಡೂ ತಾಳೆಯಾದರೆ ಅವರದು ತಪ್ಪಿಲ್ಲ, ಆಗದಿದ್ದರೆ ತಪ್ಪಿದೆ. ಅಷ್ಟಾದ ಮೇಲೆ ಮಡಕೆಗಳನ್ನು ಬಟ್ಟೆ ಬಿಚ್ಚದೆ ಸೇತುವೆಗೆ ಒಯ್ದು ಹಳ್ಳಕ್ಕೆ ಎಸೆದು ಒಡೆಯುತ್ತಾರೆ. ಗುಮಾಸ್ತನ ಮೂಗಿನ ಮೇಲೆ ಇನ್ನೊಂದು ಮೂಗು ಇಲ್ಲ. ಆ ಮೂಗು ನನ್ನದು ಎಂಬ ಜಂಬ ನನಗೆ ಬೇಕಾದಷ್ಟಿತ್ತು.

ಊರಲ್ಲಿ ನಾನು ಕಣ್ಣು ಮುಚ್ಚಿ ನಂಬುತ್ತಿದ್ದ ಮನೆ ಬಣ್ಣದ ಹುಸೇನಮ್ಮನದು. ತಗ್ಗಿನ ಬೀದಿಯ ಕೊನೆಯಲ್ಲಿ ಅವಳ ಮನೆ. ಗಂಡ ಸತ್ತ ಮೇಲೆ ಒಬ್ಬಳೇ ಎರಡು ಹಂಡೆ ಇಟ್ಟುಕೊಂಡು ಮಗ್ಗದವರಿಗೆ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದಳು. ಬಣ್ಣದ ನೀರು ಒಂದು ಹನಿಯೂ ಹಳ್ಳಕ್ಕೆ ಹೋಗಬಾರದೆಂದು ಅಂಗಳದಲ್ಲಿ ಒಂದಾದ ಮೇಲೊಂದು ಮೂರು ಗುಂಡಿ ತೆಗೆಸಿ, ಮರಳು, ಇದ್ದಿಲು, ಜಲ್ಲಿ ತುಂಬಿಸಿದ್ದಳು. ಮೂರನೆಯ ಗುಂಡಿ ದಾಟಿ ಬಂದ ನೀರನ್ನು ನುಗ್ಗೇಗಿಡಕ್ಕೆ ಹಾಯಿಸುತ್ತಿದ್ದಳು. ವರ್ಷಕ್ಕೆರಡು ಸಲ ನಾನು ತನಿಖೆಗೆ ಹೋದರೆ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಮಾತಾಡುತ್ತಿದ್ದಳು. “ಏನಣ್ಣ ಇವತ್ತು ಇಷ್ಟು ನಾತ? ಅನ್ನ ಗಂಟಲಲ್ಲಿ ಇಳೀಲಿಲ್ಲ” ಎನ್ನುತ್ತಿದ್ದಳು. ಹೊರಡುವಾಗ ಒಂದು ಕಟ್ಟು ನುಗ್ಗೇಸೊಪ್ಪು ಕೈಗೆ ಹಾಕುತ್ತಿದ್ದಳು. ಆ ಸೊಪ್ಪು ತಿಂದ ಋಣವೂ ನನ್ನ ಮೇಲಿದೆ.

ಮಾಘದಲ್ಲಿ ನನ್ನ ಮಗಳ ಸೀಮಂತ. ಮನೆಯಲ್ಲೇ ಮಾಡುವುದೆಂದು ಬೀಗರಿಗೆ ಹೇಳಿಯಾಗಿತ್ತು. ಮೂರು ದಿನ ಇದೆ ಎನ್ನುವಾಗ ನಮ್ಮ ಕಕ್ಕಸಿನ ಗುಂಡಿ ತುಂಬಿ ಉಕ್ಕಿತು. ಗುಂಡಿ ಬರಿದು ಮಾಡುವ ಲಾರಿ ಪುರಸಭೆಗೆ ಇರುವುದು ಒಂದೇ, ಅದು ಕೆಟ್ಟು ಶೆಡ್ಡಿನಲ್ಲಿ ನಿಂತಿತ್ತು. ನನ್ನ ಹೆಂಡತಿ ರಾಜಮ್ಮಣ್ಣಿ ತಲೆ ಮೇಲೆ ಕೈ ಹೊತ್ತು ಕೂತಳು. “ರೀ, ಅರವತ್ತು ಜನ ಬರ್ತಾರೆ. ಬೀಗರ ಮುಂದೆ ಮುಖ ಎಲ್ಲಿ ಇಟ್ಕೊಳ್ಳೋದು? ಎರಡು ದಿನದ ಮಾತು. ಹಿತ್ತಲ ಗೋಡೆಗೆ ಒಂದು ಪೈಪು ಹಾಕ್ಸಿ, ಆಮೇಲೆ ತೆಗೆಸಿದ್ರಾಯ್ತು.” ಹಿತ್ತಲ ಗೋಡೆಯಾಚೆ ಮಳೆನೀರಿನ ಮೋರಿ, ಮೋರಿ ಹೋಗುವುದು ತಗ್ಗಿನ ಬೀದಿಯನ್ನು ಬಳಸಿ ಹಳ್ಳಕ್ಕೆ. ಮಧ್ಯಾಹ್ನ ಪೈಪಿನವನು ಬಂದ. ಗೋಡೆಗೆ ತೂತು ಕೊರೆದು, “ಸೇರಿಸ್ಲಾ ಸಾರ್?” ಎಂದು ನನ್ನ ಮುಖ ನೋಡಿದ. ನಾನು ವಾಸನೆ ಗುಮಾಸ್ತ ಅಂತ ಅವನಿಗೂ ಗೊತ್ತು. “ನನ್ನ ಕೇಳಬೇಡಪ್ಪ, ಅಮ್ಮಾವ್ರು ಹೇಳ್ದಂಗೆ ಮಾಡು” ಎಂದು ಹೇಳಿ ವೀಳ್ಯದೆಲೆ ತರುವ ನೆಪದಲ್ಲಿ ಪೇಟೆಗೆ ಹೋದೆ. ಆ ಒಂದು ಮಾತಿನಿಂದ ಹಳ್ಳದ ಕಣ್ಣಿಗೆ ಮಣ್ಣೆರಚಬಹುದೆಂದು ನಾನು ಅಂದುಕೊಂಡಿದ್ದೆ.

ಮಾರನೆಯ ಬೆಳಿಗ್ಗೆ ಸೇತುವೆಯ ಮೇಲೆ ನಿಂತಾಗ ಒಳ್ಳೆಯ ತಂಗಾಳಿ ಬೀಸುತ್ತಿತ್ತು. ಸೇತುವೆಯ ಆ ತುದಿಯ ಅಂಗಡಿಯಲ್ಲಿ ಮಸಾಲೆ ವಡೆ ಬೇಯುವ ವಾಸನೆ, ಸಬ್ಬಸಿಗೆ ಸೊಪ್ಪಿನ ಸಮೇತ, ನನ್ನ ಮೂಗಿಗೆ ಬಂತು. ಇಪ್ಪತ್ತೆರಡು ವರ್ಷದಲ್ಲಿ ಆ ವಡೆಯ ವಾಸನೆ ನನಗೆ ಸೇತುವೆಯ ಮೇಲೆ ಬಂದದ್ದು ಅದೇ ಮೊದಲು. ಎರಡು ವಡೆ ಕೊಂಡು ಕಂಬಿಗೆ ಒರಗಿ ನಿಂತು ತಿಂದೆ. ಬೆಳಗಿನ ವಾಕಿಂಗಿಗೆ ಬಂದ ಪಾಲಾಕ್ಷಪ್ಪನವರು ನನ್ನ ಹತ್ತಿರ ನಿಂತರು. ಕರ್ಚೀಫನ್ನು ಮೂಗಿನಿಂದ ಒಂದಿಷ್ಟು ಇಳಿಸಿ, “ಗಾಳಿ ಚೆನ್ನಾಗಿದೆ ಅಲ್ವಾ ಗುರುಮಲ್ಲಪ್ಪನೋರೆ?” ಎಂದು ಮೆಲ್ಲಗೆ ಕೇಳಿದರು. “ಹೌದು ಸಾರ್, ಇವತ್ತೇನೋ ಬಹಳ ಚೆನ್ನಾಗಿದೆ” ಎಂದೆ. ಅವರು ನಕ್ಕು ಮುಂದೆ ಹೋದರು. ಹಾಲಿನ ಕ್ಯಾನು ಹೊತ್ತ ಹೆಂಗಸೊಬ್ಬಳು ಸೆರಗು ಬಾಯಿಗೆ ತುರುಕಿಕೊಂಡು ಓಕರಿಸುತ್ತಾ ನನ್ನ ಪಕ್ಕದಲ್ಲೇ ಓಡಿಹೋದಳು. ಆಗ ನನಗೆ ತಿಳಿಯಿತು. ಬಾಯಲ್ಲಿದ್ದ ವಡೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಮನೆಗೆ ಬಂದು ನೋಡಿದರೆ ಅಡುಗೆಮನೆಯ ಹಿಂದಿನ ಕಿಟಕಿ ತೆರೆದಿತ್ತು. ಹನ್ನೊಂದು ವರ್ಷದಿಂದ ಮೊಳೆ ಹೊಡೆದು ಮುಚ್ಚಿದ್ದ ಕಿಟಕಿ ಅದು. ರಾಜಮ್ಮಣ್ಣಿ ಅದರ ಮುಂದೆ ನಿಂತು ಒಬ್ಬಟ್ಟಿಗೆ ಹೂರಣ ರುಬ್ಬುತ್ತಿದ್ದಳು. ನಾನು ಕಿಟಕಿ ನೋಡಿದೆ, ಅವಳು ನನ್ನ ನೋಡಿದಳು. ಸೀಮಂತದ ದಿನ ಮಗಳು ಹಸಿರು ಸೀರೆಯುಟ್ಟು ಅಡುಗೆಮನೆಗೆ ಬಂದವಳು ಬಾಗಿಲಲ್ಲೇ ಬಾಯಿ ಮುಚ್ಚಿಕೊಂಡಳು. “ಅಮ್ಮಾ, ಆ ಕಿಟಕಿ ಮುಚ್ಚಮ್ಮ, ಹೊಟ್ಟೆ ತೊಳಸ್ತಾ ಇದೆ. ಅದು ಹೇಗೆ ನಿಂತಿದ್ದೀಯ ಇಲ್ಲಿ?” ಎಂದಳು. ಹೇಳಿದ ಮೇಲೆ ಅವಳಿಗೆ ಹೊಳೆಯಿತು. ಅಮ್ಮನ ಮುಖ ನೋಡಿದಳು, ಆಮೇಲೆ ನನ್ನದು. ಆರತಿ ಮಾಡಿಸಿಕೊಂಡು ಸಂಜೆಯೇ ಗಂಡನ ಮನೆಗೆ ಹೊರಟಳು. ಹೆರಿಗೆ ಅಲ್ಲೇ ಆಗಲಿ, ಆಸ್ಪತ್ರೆ ಹತ್ತಿರ ಎಂದು ಫೋನಿನಲ್ಲಿ ಹೇಳಿದಳು. ಚೊಚ್ಚಲ ಬಾಣಂತನ ತವರಲ್ಲಿ ಬೇಡ ಎಂದ ಮಗಳಿಗೆ ಯಾಕೆ ಎಂದು ಕೇಳುವ ಬಾಯಿ ನಮ್ಮಿಬ್ಬರಿಗೂ ಇರಲಿಲ್ಲ.

ಎರಡು ದಿನದ ಪೈಪು ಎರಡು ತಿಂಗಳಾದರೂ ಅಲ್ಲೇ ಇತ್ತು. ಲಾರಿ ರಿಪೇರಿಯಾಗಿ ಬಂದಿತ್ತು, ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಾ ಹೋದೆ. ಕಾರಣ ಏನೆಂದರೆ ವಾಸನೆ ಇಲ್ಲದ ಬದುಕು ಬಹಳ ಸುಖವಾಗಿತ್ತು. ರಾತ್ರಿ ನಿದ್ದೆ ಬರುತ್ತಿತ್ತು, ಊಟ ರುಚಿಸುತ್ತಿತ್ತು. ಬೆಳಿಗ್ಗೆ ಸೇತುವೆಯ ಮೇಲೆ ನಿಂತು, ಹೋದ ವರ್ಷದ ಅದೇ ತಾರೀಖಿನ ಹಾಳೆ ತೆಗೆದು ಅದನ್ನೇ ನಕಲು ಮಾಡುತ್ತಿದ್ದೆ. ಕರ್ಚೀಫು ಹಿಡಿಯುವುದನ್ನು ಮರೆಯುತ್ತಿರಲಿಲ್ಲ.

ಚೈತ್ರದಲ್ಲಿ ತಗ್ಗಿನ ಬೀದಿಯ ಬಾವಿ ಕೆಟ್ಟಿತು. ನಲ್ಲಿ ಬರದ ದಿನ ಇಡೀ ಬೀದಿ ನೀರು ಸೇದುತ್ತಿದ್ದ ಬಾವಿ ಅದು. ನೀರು ನಾರುತ್ತದೆ, ಮಕ್ಕಳಿಗೆ ವಾಂತಿ ಭೇದಿ ಎಂದು ಜನ ಪುರಸಭೆಯ ಮುಂದೆ ಖಾಲಿ ಕೊಡ ಬಡಿದರು. ನಾನು ನೋಡಲು ಹೋದೆ. ಮೂಗು ಹೋಗಿದ್ದರೂ ಕಣ್ಣಿತ್ತಲ್ಲ. ಬಾವಿಯ ಮೇಲುಗಡೆ ಮೂವತ್ತು ಮಾರು ದೂರದಲ್ಲಿ ಮಳೆಮೋರಿಯ ಕಲ್ಲು ಬಿರುಕು ಬಿಟ್ಟಿತ್ತು. ಬಿರುಕಿನ ಸುತ್ತ ಮಣ್ಣು ಒದ್ದೆಯಾಗಿ ಕಪ್ಪಗಾಗಿತ್ತು. ಬೇಸಿಗೆಯಲ್ಲಿ ಮಳೆಮೋರಿಯಲ್ಲಿ ನೀರು ಎಲ್ಲಿಂದ ಬರಬೇಕು? ಆ ಮೋರಿಗೆ ನೀರು ಬಿಡುತ್ತಿದ್ದದ್ದು ಊರಲ್ಲಿ ಒಂದೇ ಮನೆ. ಕಾಲಿನಿಂದ ಒಂದಿಷ್ಟು ಒಣ ಮಣ್ಣು ತಳ್ಳಿ ಆ ಒದ್ದೆಯನ್ನು ಮುಚ್ಚಿ ಬಂದೆ.

ಪಾಲಾಕ್ಷಪ್ಪನವರಿಗೆ ಯಾರನ್ನಾದರೂ ಬೇಗ ಹಿಡಿದು ತೋರಿಸಬೇಕಿತ್ತು. ಘಟಕಕ್ಕೆ ನಾಲ್ಕನೆಯ ಅಡಿಗಲ್ಲು ಹಾಕಲು ಮೇಲಿನವರು ಬರುವುದಿತ್ತು. ಸಭೆಯಲ್ಲಿ ಒಬ್ಬ ಸದಸ್ಯ ಎದ್ದು, “ಬಾವಿ ಪಕ್ಕದಲ್ಲೇ ಬಣ್ಣದ ಹಂಡೆ ಇಟ್ಕೊಂಡು ಕೂತಿದಾಳಲ್ಲ, ಹಳ್ಳಕ್ಕೂ ಬಾವಿಗೂ ಅವಳೇ ಬಿಡೋದು, ಇನ್ನೆಲ್ಲಿ ಹುಡುಕ್ತೀರಿ?” ಎಂದ. ಬಾವಿಯ ನೀರಿಗೆ ಬಣ್ಣವೇ ಬಂದಿರಲಿಲ್ಲ. ಆ ಮಾತನ್ನು ಯಾರೂ ಆಡಲಿಲ್ಲ, ನಾನೂ ಆಡಲಿಲ್ಲ. ಹುಸೇನಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಅವಳು ಅಳಲೂ ಇಲ್ಲ, ಕೂಗಾಡಲೂ ಇಲ್ಲ. “ಮೂರು ಮಡಕೆ ಇಡಿ ಸಾಮಿ. ನನ್ನ ಮೂಗು ಹೆಂಗೋ ಏನೋ, ಗುರುಮಲ್ಲಣ್ಣನ ಮೂಗು ಸುಳ್ಳು ಹೇಳಲ್ಲ” ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಆಗಲಿ ಎಂದು ತಲೆಯಾಡಿಸಿದೆ.

ಅವಳನ್ನು ಹೇಗಾದರೂ ಉಳಿಸಬೇಕು, ನಾನೂ ಉಳಿಯಬೇಕು ಎಂದು ಇಡೀ ದಿನ ಲೆಕ್ಕ ಹಾಕಿದೆ. ಒಂದು ಉಪಾಯ ಹೊಳೆಯಿತು. ಹಳ್ಳದ ನೀರು ತುಂಬುವುದು ನಾನೇ ತಾನೆ? ತುಂಬುವ ಮಡಕೆಯ ಬಾಯಂಚನ್ನು ಒಂದು ಕಡೆ ಉಗುರಿನಷ್ಟು ಮುಕ್ಕು ಮಾಡಿದೆ. ಮೂಸುವಾಗ ಬಟ್ಟೆಯ ಮೇಲಿಂದ ಬೆರಳಾಡಿಸಿದರೆ ಮುಕ್ಕು ಸಿಗುತ್ತದೆ, ಅದರ ನಂಬರು ಬರೆದರಾಯಿತು. ಹುಸೇನಮ್ಮನ ಮೂಗು ಸರಿಯಾಗಿಯೇ ಇದೆ, ಅವಳೂ ಅದನ್ನೇ ಹೇಳುತ್ತಾಳೆ. ಇಬ್ಬರೂ ಪಾರು. ಇಷ್ಟು ಸುಲಭಕ್ಕೆ ಇಷ್ಟು ಹೆದರಿದೆನಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಬಾಯಿಗೆ ಬಟ್ಟೆ ಕಟ್ಟಿ ಮಡಕೆಯನ್ನು ಅಟೆಂಡರ್ ಚಿಕ್ಕತಾಯಮ್ಮನ ಕೈಗೆ ಕೊಟ್ಟೆ.

ಪರೀಕ್ಷೆಯ ದಿನ ಹಜಾರ ಕಿಕ್ಕಿರಿದಿತ್ತು. ಚಿಕ್ಕತಾಯಮ್ಮ ಮೂರು ಮಡಕೆ ಇಟ್ಟು ಹೊರಗೆ ಹೋದಳು. ನಾನು ಒಂದೊಂದಕ್ಕೂ ಮೂಗು ಹಿಡಿದು, ಮುಖ ಸಿಂಡರಿಸಿ, ಅಂಚಿನ ಮೇಲೆ ಬೆರಳಾಡಿಸಿದೆ. ಮುಕ್ಕು ಎರಡನೆಯದರಲ್ಲಿ ಸಿಕ್ಕಿತು. ‘ಎರಡು’ ಎಂದು ಬರೆದು ಮಡಚಿದೆ. ಹುಸೇನಮ್ಮನ ಕಣ್ಣಿಗೆ ಬಟ್ಟೆ ಕಟ್ಟಿದರು. ಮೊದಲನೆಯದನ್ನು ಮೂಸಿ ಇದಲ್ಲ ಎಂದು ತಲೆಯಾಡಿಸಿದಳು. ಎರಡನೆಯದನ್ನು ಮೂಸಿಯೂ ತಲೆಯಾಡಿಸಿದಳು. ಮೂರನೆಯದಕ್ಕೆ ಮೂಗು ಒಡ್ಡಿದವಳೇ ಹಿಂದಕ್ಕೆ ಹಾರಿ, ಹೊಟ್ಟೆ ಹಿಡಿದುಕೊಂಡು ಓಕರಿಸಿದಳು. “ಮೂರು ಅಣ್ಣ, ಮೂರು! ಅಲ್ಲಾ, ಎಂಥಾ ನಾತ!” ಎಂದಳು. ಹಾಗೆ ಓಕರಿಸುವುದನ್ನು ನಟಿಸಲು ಯಾರಿಗೂ ಆಗುವುದಿಲ್ಲ. ಅವಳು ಹೇಳಿದ್ದು ನಿಜ, ನನ್ನ ಅಂಗೈಯಲ್ಲಿದ್ದದ್ದು ಸುಳ್ಳು ಎಂದು ಆ ಕ್ಷಣವೇ ನನಗೆ ಗೊತ್ತಾಯಿತು. ಚೀಟಿಯನ್ನು ಬಾಯಿಗೆ ಹಾಕಿ ನುಂಗಿಬಿಡಬಹುದಿತ್ತು. ‘ತಡೆಯಿರಿ’ ಎನ್ನಬಹುದಿತ್ತು. ಪಾಲಾಕ್ಷಪ್ಪನವರು ಕೈ ಚಾಚಿದರು, ಕೊಟ್ಟೆ. ಅವರು ಬಿಚ್ಚಿ “ಎರಡು” ಎಂದು ಓದಿದರು.

ಹುಸೇನಮ್ಮ ಕಣ್ಣಿನ ಬಟ್ಟೆ ತೆಗೆದು ನನ್ನ ಕಡೆ ನೋಡಿದಳು. ಕೋಪದಿಂದ ನೋಡಿದ್ದರೆ ನಾನು ಇವತ್ತು ಇಷ್ಟು ಬೇಯುತ್ತಿರಲಿಲ್ಲ. ಏನೋ ತಪ್ಪು ಮಾಡಿಬಿಟ್ಟ ಹೆಂಗಸಿನ ಹಾಗೆ, ಕ್ಷಮೆ ಕೇಳುವವಳ ಹಾಗೆ ನೋಡಿದಳು. ಅವಳ ಹಂಡೆಗಳಿಗೆ ಆವತ್ತೇ ಸೀಲು ಹಾಕಿದರು, ನಲ್ಲಿ ಕತ್ತರಿಸಿದರು. ಬೀದಿಯವರು ಅವಳ ಬಾಗಿಲ ಮುಂದೆ ಖಾಲಿ ಕೊಡ ಉರುಳಿಸಿ ಹೋದರು.

ಸಂಜೆ ನಾನು ಬೀಗ ಹಾಕುವಾಗ ಚಿಕ್ಕತಾಯಮ್ಮ ಬಂದು ಸೆರಗು ತಿರುಚುತ್ತಾ ನಿಂತಳು. “ಸಾ, ನೀವು ಕೊಟ್ಟ ಮಡಕೆ ಬಾಯಿ ಮುಕ್ಕಾಗಿತ್ತು. ಸಭೆಯಲ್ಲಿ ಮುಕ್ಕು ಮಡಕೆ ಇಡೋದು ಚೆನ್ನಾಗಿರಲ್ಲ ಅಂತ ನೀರನ್ನ ಬೇರೇದಕ್ಕೆ ಬಗ್ಗಿಸ್ದೆ. ಮುಕ್ಕಿಂದನ್ನ ತೊಳೆದು ಬಾವಿ ನೀರು ತುಂಬ್ದೆ. ಹಳ್ಳದ್ದನ್ನ ಮೂರ್ನೇದಾಗಿ ನಾನೇ ಇಟ್ಟಿದ್ದು ಸಾ, ನನ್ನ ಕೈಯಾರೆ” ಎಂದಳು. ದಿನಗೂಲಿಯ ಹೆಂಗಸು, ಎದೆ ಗಟ್ಟಿ ಮಾಡಿಕೊಂಡು ಬಂದಿದ್ದಳು. ನಾನು ನಕ್ಕೆ. “ಪರದೆ ಹಿಂದೆ ಅದಲು ಬದಲು ಮಾಡುವಾಗ ನಿನಗೆ ಎಲ್ಲೋ ಮರೆತಿದೆ ಚಿಕ್ಕತಾಯಿ. ವಯಸ್ಸಾಯ್ತಲ್ಲ” ಎಂದೆ. ಅವಳು ಸ್ವಲ್ಪ ಹೊತ್ತು ತನ್ನ ಎರಡು ಕೈಗಳನ್ನೇ ನೋಡಿಕೊಂಡಳು. “ಇರ್ಬೋದು ಸಾ” ಎಂದು ಹೇಳಿ ಹೋದಳು. ಒಂದೇ ದಿನ ಎರಡು ಹೆಂಗಸರು ತಮ್ಮನ್ನು ತಾವೇ ನಂಬದ ಹಾಗೆ ಮಾಡಿದೆ.

ಒಂದು ವಾರ ಬಿಟ್ಟು ಸೀಲು ನೋಡುವ ನೆಪದಲ್ಲಿ ಹುಸೇನಮ್ಮನ ಮನೆಗೆ ಹೋದೆ. ಅವಳು ಅಂಗಳದಲ್ಲಿ ಹಾರೆ ಹಿಡಿದು ತನ್ನ ಗುಂಡಿಗಳನ್ನು ಅಗೆಯುತ್ತಿದ್ದಳು. ಎರಡು ಗುಂಡಿ ಆಗಲೇ ಕಿತ್ತುಹಾಕಿದ್ದಳು. ಮರಳು, ಇದ್ದಿಲು, ಜಲ್ಲಿ ಬೇರೆ ಬೇರೆ ರಾಶಿಯಾಗಿ ಬಿದ್ದಿದ್ದವು, ನುಗ್ಗೇಗಿಡದ ಬೇರು ಹೊರಗೆ ಬಂದಿತ್ತು. “ಎಲ್ಲೋ ಸೋರಿರ್ಬೇಕು ಅಣ್ಣ. ಹುಡುಕ್ತಾ ಇದೀನಿ. ನಂಗೆ ಗೊತ್ತಿಲ್ದಂಗೆ ಹಳ್ಳಕ್ಕೆ ಹೋಗಿರ್ಬೇಕು. ಇಲ್ಲಾಂದ್ರೆ ನಿಮ್ಮ ಮೂಗು ಯಾಕೆ ಹಂಗೆ ಹೇಳ್ತದೆ?” ಎಂದಳು. ಆಮೇಲೆ ಹಾರೆಗೆ ಒರಗಿ, “ಆದ್ರೂ ನಂಗೆ ಈಗ್ಲೂ ನಾತ ಬರ್ತದೆ ಅಣ್ಣ. ಭ್ರಮೆ ಇರ್ಬೋದು ಅಂತೀನಿ. ಭ್ರಮೆಗೂ ಹಿಂಗೆ ವಾಂತಿ ಬರ್ತದಾ?” ಎಂದು ಕೇಳಿದಳು. ಹೇಳಲು ನಾಲಿಗೆಯ ತುದಿಗೆ ಬಂತು. “ಗುಂಡಿ ಕೀಳಬೇಡ ಹುಸೇನಮ್ಮ, ಎಲ್ಲಾ ಸರಿಹೋಗುತ್ತೆ” ಎಂದಷ್ಟೇ ಹೇಳಿ ಹೊರಟೆ. ಕೆಲಸವಿಲ್ಲದಿದ್ದರೂ ಅವಳು ಆವತ್ತೂ ಸೊಪ್ಪು ಕೊಟ್ಟಳು.

ಆ ಸಂಜೆ ನಾನೇ ಪೈಪು ಕಿತ್ತೆ, ಗೋಡೆಯ ತೂತಿಗೆ ಸಿಮೆಂಟು ಮೆತ್ತಿದೆ. ಲಾರಿ ಬಂದು ಗುಂಡಿ ಬರಿದು ಮಾಡುವವರೆಗೆ ನಾಲ್ಕು ದಿನ ನಾವಿಬ್ಬರೂ ಚೊಂಬು ಹಿಡಿದು ಬಸ್ ಸ್ಟ್ಯಾಂಡಿನ ಕಕ್ಕಸಿಗೆ ಹೋದೆವು. ಆಗ ನಾನು ಮಾಡಿಕೊಂಡ ಯೋಚನೆ ಹೀಗಿತ್ತು. ಹೊಲಸು ಬಿಡುವುದು ನಿಂತಿತು, ಇನ್ನು ವಾಸನೆ ಮರಳಿ ಬರುತ್ತದೆ. ಬಂದ ಮೇಲೆ ಮರುಪರೀಕ್ಷೆ ಕೇಳುತ್ತೇನೆ. ನಿಜವಾಗಿ ಮೂಸುತ್ತೇನೆ, ಅವಳೂ ನಿಜವಾಗಿ ಮೂಸುತ್ತಾಳೆ, ತಾಳೆಯಾಗುತ್ತದೆ. ಅವಳ ಹೆಸರು ಉಳಿಯುತ್ತದೆ, ನಾನು ಯಾರ ಮುಂದೆಯೂ ಬಾಯಿ ಬಿಡಬೇಕಾಗಿಲ್ಲ. ನಿಲ್ಲಿಸಿದವರಿಗೆ ವಾಸನೆ ಮರಳುತ್ತದೆಯೇ ಎಂದು ಊರಲ್ಲಿ ಯಾರನ್ನು ಕೇಳುವುದು? ಅಲ್ಲಿಯವರೆಗೆ ನಿಲ್ಲಿಸಿದವರು ಒಬ್ಬರೂ ಇರಲಿಲ್ಲ.

ಪೈಪು ಕಿತ್ತ ಮೇಲೆ ಬಾವಿಯ ನೀರು ತಾನಾಗಿ ತಿಳಿಯಾಯಿತು. ಬಣ್ಣದವಳ ಹಂಡೆ ನಿಂತದ್ದಕ್ಕೇ ಬಾವಿ ಸರಿಹೋಯಿತು ಎಂದು ಊರೆಲ್ಲ ಮಾತಾಡಿತು. ಪರಿಸರ ದಿನದಂದು ನಾಲ್ಕನೆಯ ಅಡಿಗಲ್ಲಿನ ಪಕ್ಕದಲ್ಲಿ ಶಾಮಿಯಾನ ಹಾಕಿಸಿ, ಜಲರಕ್ಷಕ ಎಂದು ನನಗೆ ಶಾಲು ಹೊದಿಸಿದರು. ಪಾಲಾಕ್ಷಪ್ಪನವರು ಹಾರ ಹಾಕುವಾಗ ಕಿವಿಯ ಹತ್ತಿರ ಬಾಗಿ, “ಇನ್ಮೇಲೆ ನೀವು ನಮ್ಮೋರೇ ಬಿಡಿ. ಆವತ್ತು ಸೇತುವೆ ಮೇಲೆ ವಡೆ ತಿಂತಾ ಇದ್ರಲ್ಲ, ಆಗಲೇ ನಂಗೆ ಗೊತ್ತಾಯ್ತು” ಎಂದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಕೈ ಮುಗಿದೆ. ಆ ಶಾಲನ್ನು ಮನೆಗೆ ತಂದು ಎಲ್ಲಿಡಬೇಕೆಂದು ತಿಳಿಯದೆ ಅಕ್ಕಿಯ ಡಬ್ಬದ ಹಿಂದೆ ತುರುಕಿದೆ.

ಶ್ರಾವಣ ಬಂತು. ಒಂದು ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ರಾಜಮ್ಮಣ್ಣಿ ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು, ಎದ್ದು ಹೋಗಿ ಹಿಂದಿನ ಕಿಟಕಿಯನ್ನು ಧಡಾರೆಂದು ಮುಚ್ಚಿದಳು. ಅಷ್ಟರಲ್ಲಿ ನನಗೂ ಬಡಿಯಿತು. ಆರು ತಿಂಗಳ ಮೇಲೆ ಬಂದ ಆ ನಾತ ಎದೆಗೆ ಗುದ್ದಿದ ಹಾಗಿತ್ತು. ನಾನು ಹಿತ್ತಲಿಗೆ ಓಡಿ, ಉಂಡದ್ದನ್ನೆಲ್ಲ ಕಕ್ಕಿ, ಗೋಡೆ ಹಿಡಿದು ನಿಂತು ಚಿಕ್ಕಮಕ್ಕಳ ಹಾಗೆ ಅತ್ತೆ. ರಾಜಮ್ಮಣ್ಣಿ ಹಿಂದೆ ಬಂದು ಬೆನ್ನು ನೀವಿದಳು. “ಇವತ್ತೇ ಹೋಗ್ರೀ, ಆ ಯಮ್ಮನ ಹತ್ರ ಹೋಗ್ರೀ” ಎಂದಳು. ಆರು ತಿಂಗಳಲ್ಲಿ ನಾವು ಈ ವಿಷಯದಲ್ಲಿ ಆಡಿದ ಮೊದಲ ಮಾತು ಅದು.

ಕೈ ತೊಳೆದು ಓಡಿಹೋದೆ. ಹುಸೇನಮ್ಮನ ಅಂಗಳದಲ್ಲಿ ಗಳುಗಳ ಮೇಲೆ ಕೆಂಪು ನೂಲಿನ ಲಡಿಗಳು ಒಣಗುತ್ತಿದ್ದವು. ಸೀಲು ಹಾಕಿದ ಹಂಡೆ ಬಿಟ್ಟು ಹಳೆಯ ಡ್ರಮ್ಮು ಇಟ್ಟುಕೊಂಡು ಕೆಲಸ ಸುರುಮಾಡಿದ್ದಳು. ಗುಂಡಿಗಳಿದ್ದ ಜಾಗ ಮಣ್ಣು ಮುಚ್ಚಿ ಸಮವಾಗಿತ್ತು, ನುಗ್ಗೇಗಿಡ ಒಣಗಿತ್ತು. ಹೇಗೋ ದುಡಿದು ತಿನ್ನುತ್ತಿದ್ದಾಳಲ್ಲ ಎಂದು ನನಗೆ ಸಮಾಧಾನವೇ ಆಯಿತು. ಮರುಪರೀಕ್ಷೆ ಕೇಳುತ್ತೇನೆ ಎಂದೆ. “ಬೇಡ ಬಿಡಿ ಅಣ್ಣ. ಆಗಿದ್ದು ಆಗೋಯ್ತು” ಎಂದಳು. ನಾನು ಬಿಡಲಿಲ್ಲ. ನನಗೋಸ್ಕರ ಬಾ ಎಂದೆ, ಈ ಸಲ ಖಂಡಿತ ತಾಳೆಯಾಗುತ್ತದೆ ಎಂದೆ. ಅವಳು ಕೆಂಪಾದ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. “ನೀವು ಇಷ್ಟು ಹೇಳ್ತೀರ ಅಂದ್ರೆ ಬರ್ತೀನಿ” ಎಂದಳು. ಮೂಗಿನ ಮೇಲೆ ಸೆರಗು ಇರಲಿಲ್ಲ. ಇಪ್ಪತ್ತೆರಡು ವರ್ಷ ತನಿಖೆ ಮಾಡಿದವನು ನಾನು, ನನ್ನ ಖುಷಿಯಲ್ಲಿ ಅದನ್ನು ನೋಡಲಿಲ್ಲ.

ಮರುಪರೀಕ್ಷೆಗೂ ಹಜಾರ ತುಂಬಿತ್ತು. ಪಾಲಾಕ್ಷಪ್ಪನವರು ಇದೇನು ಹೊಸ ತಲೆನೋವು ಎಂಬಂತೆ ನನ್ನ ನೋಡುತ್ತಾ ಕೂತಿದ್ದರು. ನಾನು ಮಡಕೆಗಳ ಹತ್ತಿರ ಹೋದೆ. ಮೊದಲನೆಯದಕ್ಕೆ ಬಗ್ಗುತ್ತಿದ್ದಂತೆಯೇ ಕಣ್ಣಲ್ಲಿ ನೀರು ಬಂತು. ಈರುಳ್ಳಿಯ ನೀರಲ್ಲ. ‘ಒಂದು’ ಎಂದು ದೊಡ್ಡದಾಗಿ ಬರೆದು ಮಡಚಿ ಅಂಗೈಯಲ್ಲಿ ಹಿಡಿದೆ. ಹುಸೇನಮ್ಮನ ಕಣ್ಣಿಗೆ ಬಟ್ಟೆ ಕಟ್ಟಿದರು. ಮೊದಲನೆಯ ಮಡಕೆಗೆ ಮೂಗು ಒಡ್ಡಿದಳು. ಹಿಂದೆ ಹಾರಲಿಲ್ಲ, ಓಕರಿಸಲಿಲ್ಲ. ನಿಧಾನವಾಗಿ ಎರಡನೆಯದಕ್ಕೆ ಹೋದಳು, ಮೂರನೆಯದಕ್ಕೆ ಹೋದಳು. ಮತ್ತೆ ಮೊದಲನೆಯದಕ್ಕೆ ಬಂದು ತುಂಬಾ ಹೊತ್ತು ನಿಂತಳು.

“ಮೂರರಲ್ಲೂ ಒಳ್ಳೆ ನೀರೇ ಐತೆ ಅಣ್ಣ” ಎಂದಳು. ಹಜಾರದಲ್ಲಿ ಯಾರೋ ನಕ್ಕರು. ಅವಳು ಬಟ್ಟೆ ಕಟ್ಟಿದ ಮುಖವನ್ನು ನಾನಿದ್ದ ಕಡೆ ತಿರುಗಿಸಿ ಹೇಳಿದಳು, “ಗುಂಡಿ ಕಿತ್ತುಹಾಕಿದ್ದೆ. ತಿರುಗಾ ತೋಡ್ಸೋಕೆ ಶಕ್ತಿ ಇರ್ಲಿಲ್ಲ. ಹೆಂಗೂ ನಾನು ಬಿಟ್ಟೋಳು ಅಂತ ಆಗೋಗದೆ, ಇನ್ನ ಯಾಕೆ ಅಂತ ಹೋದ ತಿಂಗಳಿಂದ ಹಳ್ಳಕ್ಕೇ ಬಿಡ್ತಾ ಇದೀನಿ. ನಿಮಗೆ ಹೇಳೋಕೆ ನಾಚಿಕೆ ಆಯ್ತು ಅಣ್ಣ.”

ಆಗ ಹೇಳಿದೆ. ಚೀಟಿ ಕೆಳಗೆ ಹಾಕಿ, ಪೈಪಿನಿಂದ ಹಿಡಿದು ಬಾವಿಯ ಮೇಲಿನ ಒದ್ದೆ ಮಣ್ಣಿನವರೆಗೆ, ಮುಕ್ಕು ಮಡಕೆಯಿಂದ ಹಿಡಿದು ಚಿಕ್ಕತಾಯಮ್ಮನ ಕೈಗಳವರೆಗೆ ಎಲ್ಲವನ್ನೂ, ತುಂಬಿದ ಹಜಾರದಲ್ಲಿ, ಗಟ್ಟಿಯಾಗಿ ಹೇಳಿದೆ. ಯಾರೂ ಬೈಯಲಿಲ್ಲ. ಸದಸ್ಯರೆಲ್ಲ ಒಬ್ಬೊಬ್ಬರಾಗಿ ಕರ್ಚೀಫು ತೆಗೆದು ಮೂಗಿಗೆ ಹಿಡಿದುಕೊಂಡರು, ಹಳ್ಳದ ನಾತ ಬಾರದ ಆ ದಿಬ್ಬದ ಮೇಲೆ. ಪಾಲಾಕ್ಷಪ್ಪನವರು ಸಭೆಯ ನಡಾವಳಿ ಬರೆಯುತ್ತಿದ್ದವನ ಕಡೆ ಕೈ ಅಡ್ಡ ಆಡಿಸಿ, “ಬರ್ಕೋಬೇಡಿ. ಗುಮಾಸ್ತರಿಗೆ ಮೈ ಹುಷಾರಿಲ್ಲ. ಎರಡು ಸಲ ತಪ್ಪು ಹೇಳಿದಾಳೆ, ಅಷ್ಟು ಬರ್ಕೊಳ್ಳಿ ಸಾಕು” ಎಂದು ಎದ್ದರು. ಬಾಗಿಲ ಹತ್ತಿರ ಚಿಕ್ಕತಾಯಮ್ಮ ತನ್ನ ಕೈಗಳನ್ನು ನೋಡಿಕೊಳ್ಳುತ್ತಾ ನಿಂತಿದ್ದಳು.

ಹುಸೇನಮ್ಮ ಕಣ್ಣಿನ ಬಟ್ಟೆ ಬಿಚ್ಚಿದಳು. ಅದನ್ನು ನಾಲ್ಕಾಗಿ ಮಡಚಿ ಮೇಜಿನ ಮೇಲಿಟ್ಟಳು. “ಆವತ್ತು ಹೇಳ್ಬೇಕಿತ್ತು ಅಣ್ಣ. ಆವತ್ತು ನಂಗೆ ವಾಸ್ನೆ ಬರ್ತಿತ್ತು” ಎಂದಳು. ಬಾಗಿಲು ದಾಟಿ ಹೋದಳು.

ಮಡಕೆಗಳನ್ನು ಒಯ್ಯಲು ಯಾರೂ ಬರಲಿಲ್ಲ. ನಾನೇ ತಳ್ಳುಗಾಡಿಯಲ್ಲಿಟ್ಟುಕೊಂಡು ಸೇತುವೆಗೆ ಹೋದೆ. ದೂರದಿಂದಲೇ ನಾತ ಬಡಿದು ಕಣ್ಣು ಉರಿಯಿತು. ಕರ್ಚೀಫು ತೆಗೆಯಲಿಲ್ಲ, ಅದರಿಂದ ಮೂಗು ಮುಚ್ಚಿಕೊಳ್ಳುವ ಹಕ್ಕು ನನಗಿಲ್ಲ ಅನಿಸಿತು. ಸೇತುವೆಯ ನಡುವೆ ಹುಸೇನಮ್ಮ ನಿಂತಿದ್ದಳು. ಕಂಬಿಗೆ ಒರಗಿ, ಸೆರಗನ್ನು ಹೆಗಲಿಗೆ ಬಿಟ್ಟು, ವಡೆ ಅಂಗಡಿಯ ಕಡೆ ಮುಖ ಮಾಡಿದ್ದಳು. ತಣ್ಣನೆಯ ಗಾಳಿಯನ್ನು ಎದೆ ತುಂಬಾ ಎಳೆದುಕೊಳ್ಳುತ್ತಿದ್ದಳು.